ಸಾವಿನಂಚಿನಿಂದ ಮರಳಿದ ಡಯಾಲಿಸಿಸ್ ರೋಗಿಗಳು: ಕೊಡಗಿನಲ್ಲಿ ಅವರ ಮಾತನ್ನು ಹೇಗೆ ಕೇಳಬೇಕು?

ಕಿಡ್ನಿ ವಿಫಲವಾಗಿ ವರ್ಷಗಟ್ಟಲೆ ಡಯಾಲಿಸಿಸ್ ಮೇಲೆ ಬದುಕುತ್ತಿರುವವರಲ್ಲಿ ಕೆಲವರು, ಒಮ್ಮೆ ಪ್ರಾಣವೇ ಹೋದಂತಾಗಿ ಮತ್ತೆ ಚೇತರಿಸಿಕೊಂಡ ಬಳಿಕ, ಆ ಹೊತ್ತಿನಲ್ಲಿ ತಾವು ಕಂಡದ್ದನ್ನು ಹೇಳುತ್ತಾರೆ. ಹಾಸಿಗೆಯ ಮೇಲಿದ್ದ ತಮ್ಮ ದೇಹವನ್ನು ತಾವೇ ಮೇಲಿನಿಂದ ನೋಡಿದೆವು, ನೋವೆಲ್ಲ ಇಳಿದು ಹಿಂದೆಂದೂ ಅರಿಯದ ನೆಮ್ಮದಿ ಆವರಿಸಿತು, ತೀರಿಹೋದ ತಂದೆಯೋ ತಾಯಿಯೋ ಎದುರಿಗೆ ಬಂದರು, ನಿನ್ನ ಸಮಯ ಇನ್ನೂ ಆಗಿಲ್ಲ ಎಂದು ಹಿಂದಕ್ಕೆ ಕಳಿಸಿದರು ಎಂಬಂಥ ಮಾತುಗಳವು. ಕೇಳಿದವರು ಒಂದೋ ಕೈಮುಗಿಯುತ್ತಾರೆ, ಇಲ್ಲವೇ ಜ್ವರದಲ್ಲಿ ಏನೋ ಬಡಬಡಿಸಿದರೆಂದು ಸುಮ್ಮನಾಗುತ್ತಾರೆ. ಎರಡೂ ಸಂದರ್ಭಗಳಲ್ಲಿ ಆ ಮಾತು ಅಲ್ಲಿಗೇ ನಿಂತುಬಿಡುತ್ತದೆ.

ಇದು ಎಲ್ಲೋ ಒಬ್ಬಿಬ್ಬರ ಅನುಭವವಲ್ಲ. 2007ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಕಿಡ್ನಿ ಡಿಸೀಸಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೈವಾನಿನ ತೈಪೆ ನಗರದ 7 ಕೇಂದ್ರಗಳ 710 ಡಯಾಲಿಸಿಸ್ ರೋಗಿಗಳನ್ನು ಸಂಶೋಧಕರು ವಿಚಾರಿಸಿದರು. ಅವರಲ್ಲಿ 45 ಮಂದಿಗೆ ಒಟ್ಟು 51 ಬಾರಿ ಇಂಥ ಅನುಭವ ಆಗಿತ್ತು. ಹೆಚ್ಚುಕಡಿಮೆ 16 ಮಂದಿಗೆ ಒಬ್ಬರು ಎಂದಾಯಿತು. ಹತ್ತಿಪ್ಪತ್ತು ರೋಗಿಗಳು ಪಾಳಿಯ ಮೇಲೆ ಬಂದುಹೋಗುವ ಸಣ್ಣ ಊರಿನ ಡಯಾಲಿಸಿಸ್ ಘಟಕದಲ್ಲೂ ಇಂಥವರೊಬ್ಬರು ಇರಬಹುದೆಂದು ಈ ಲೆಕ್ಕ ಸೂಚಿಸುತ್ತದೆ.

ಈ ಅನುಭವಗಳ ಚರ್ಚೆ ಹೆಚ್ಚಾಗಿ ಪರಲೋಕ ಇದೆಯೋ ಇಲ್ಲವೋ ಎಂಬ ವಾದಕ್ಕೆ ಜಾರುತ್ತದೆ. ಆ ವಾದಕ್ಕಿಂತ ಮೊದಲು ಗಮನಿಸಬೇಕಾದದ್ದು ಬೇರೆಯೇ ಇದೆ ಎಂಬುದು ನನ್ನ ದೃಢ ಅಭಿಪ್ರಾಯ. ರೋಗಿಯು ಹೇಳುವ ಆ ಮಾತಿನಲ್ಲಿ ಅವರ ದೇಹದ ಬಗ್ಗೆ ವೈದ್ಯರಿಗೆ ಬೇಕಾದ ಸುಳಿವು ಇರುತ್ತದೆ. ಅವರು ಮುಂದೆ ಹೇಗೆ ಬದುಕಬಯಸುತ್ತಾರೆ ಎಂಬುದರ ಸೂಚನೆಯೂ ಇರುತ್ತದೆ. ದೂರ, ಮಳೆ, ಗುಡ್ಡದ ರಸ್ತೆ ಇವು ಮೂರೂ ಸೇರಿ ಚಿಕಿತ್ಸೆಯನ್ನೇ ಅನಿಶ್ಚಿತಗೊಳಿಸುವ ಕೊಡಗಿನಂಥ ಜಿಲ್ಲೆಯಲ್ಲಿ ಈ ಎರಡನ್ನೂ ಕಳೆದುಕೊಳ್ಳುವುದು ದುಬಾರಿಯಾಗುತ್ತದೆ.

ಆರೋಗ್ಯವಂತರ ಕಿಡ್ನಿ ಹಗಲಿರುಳು ಮಾಡುವ ಕೆಲಸವನ್ನು ಯಂತ್ರವು ವಾರಕ್ಕೆ 2 ಅಥವಾ 3 ಬಾರಿ, ಒಂದೊಂದು ಸಲ 4 ಗಂಟೆಗಳಲ್ಲಿ ಮಾಡಿ ಮುಗಿಸಬೇಕು. ಎರಡು ಡಯಾಲಿಸಿಸ್‌ಗಳ ನಡುವೆ ನೀರು, ಪೊಟ್ಯಾಸಿಯಂ ಮತ್ತು ಆಮ್ಲ ರಕ್ತದಲ್ಲಿ ಏರುತ್ತಲೇ ಹೋಗುತ್ತವೆ. ರಕ್ತದ ಪೊಟ್ಯಾಸಿಯಂ ಸಾಮಾನ್ಯವಾಗಿ ಲೀಟರಿಗೆ 3.5ರಿಂದ 5 ಮಿಲಿಮೋಲ್‌ಗಳ ಆಸುಪಾಸಿನಲ್ಲಿರಬೇಕು. ಅದು ಬಹಳ ಏರಿದರೆ ಹೃದಯದ ಲಯ ತಪ್ಪಿ, ಮುನ್ಸೂಚನೆಯೇ ಇಲ್ಲದೆ ಬಡಿತ ನಿಲ್ಲಬಹುದು. ಅಮೆರಿಕದ 32 ಸಾವಿರಕ್ಕೂ ಹೆಚ್ಚು ಡಯಾಲಿಸಿಸ್ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವು, ವಾರದಲ್ಲಿ ಒಮ್ಮೆ ಬರುವ 2 ದಿನಗಳ ದೀರ್ಘ ಬಿಡುವಿನ ಮರುದಿನವೇ ಸಾವು ಮತ್ತು ಹೃದಯಾಘಾತಗಳು ಉಳಿದ ದಿನಗಳಿಗಿಂತ ಹೆಚ್ಚೆಂದು ತೋರಿಸಿತು. ವಾರಕ್ಕೆ 3 ಬಾರಿ ಕ್ರಮವಾಗಿ ಚಿಕಿತ್ಸೆ ಸಿಗುವ ದೇಶದ ಮಾತಿದು.

ಕೊಡಗಿನಲ್ಲಿ ಆ ಬಿಡುವನ್ನು ಕ್ಯಾಲೆಂಡರ್ ಒಂದೇ ನಿರ್ಧರಿಸುವುದಿಲ್ಲ. 2016ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಆರಂಭಿಸಿದ ಮೇಲೆ ಬಡವರಿಗೆ ಜಿಲ್ಲಾ ಮಟ್ಟದಲ್ಲಿ ಉಚಿತ ಡಯಾಲಿಸಿಸ್ ಸಿಗುವ ದಾರಿ ತೆರೆಯಿತು. ರಾಜ್ಯದ ತಾಲ್ಲೂಕು ಆಸ್ಪತ್ರೆಗಳಿಗೂ ಯಂತ್ರಗಳು ಬಂದವು. ಇದು ನಿಜಕ್ಕೂ ದೊಡ್ಡ ಬದಲಾವಣೆ. ಆದರೆ ಯಂತ್ರವಿರುವ ಊರಿಗೂ ತೋಟದ ಲೈನ್ ಮನೆಗೂ ನಡುವೆ ಹೊಳೆಯಿದೆ. ಭಾಗಮಂಡಲದ ಸಂಗಮ ತುಂಬಿ ನಾಪೋಕ್ಲು ಕಡೆಯ ರಸ್ತೆ ಮುಳುಗುವುದು ಪ್ರತಿ ಮಳೆಗಾಲದ ಸುದ್ದಿ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿಯೇ ಕಡಿದುಹೋಗಿ, ಮಂಗಳೂರಿನ ಆಸ್ಪತ್ರೆಗಳನ್ನು ನೆಚ್ಚಿದ್ದವರು ಸುತ್ತುಬಳಸು ದಾರಿ ಹಿಡಿಯಬೇಕಾಯಿತು. ಮೈಸೂರು ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ತುರ್ತುಸ್ಥಿತಿಯಲ್ಲಿ ಅಷ್ಟು ದೂರ ಸಾಗುವ ಆಂಬುಲೆನ್ಸಿನೊಳಗೇ ಅನೇಕರ ಕಂಟಕದ ಗಳಿಗೆಗಳು ಕಳೆಯುತ್ತವೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದಿಂದ ನಿಧಾನವಾಗಿ ಕಿಡ್ನಿ ಕೆಟ್ಟವರಲ್ಲದೆ, ನಿನ್ನೆಯವರೆಗೂ ಗಟ್ಟಿಮುಟ್ಟಾಗಿದ್ದು ಒಂದು ವಾರದಲ್ಲಿ ಡಯಾಲಿಸಿಸ್ ಮೇಲೆ ಮಲಗುವವರೂ ಇಲ್ಲಿದ್ದಾರೆ. ಮಳೆಗಾಲದ ಇಲಿಜ್ವರ ಕಿಡ್ನಿಯನ್ನು ಹಠಾತ್ತನೆ ನಿಲ್ಲಿಸಬಲ್ಲದು. ಪಶ್ಚಿಮ ಘಟ್ಟದ ತೋಟಗಳ ತರಗೆಲೆಯಲ್ಲಿ ಅಡಗಿರುವ, ಮೂಗು ಮೇಲಕ್ಕೆ ಮೊನೆಯಾದ ಸಣ್ಣ ಕುಳಿಮಂಡಲದ ವಿಷವೂ ಕಿಡ್ನಿಯನ್ನು ಕೆಡಿಸಬಲ್ಲದು. ನಮ್ಮಲ್ಲಿ ದೊರೆಯುವ ನಾಲ್ಕು ಹಾವುಗಳ ಪ್ರತಿವಿಷ ಅದರ ಮೇಲೆ ಕೆಲಸ ಮಾಡುವುದಿಲ್ಲ. ಕಾಫಿ ಕುಯ್ಯುವಾಗ, ಕಳೆ ತೆಗೆಯುವಾಗ ಕಚ್ಚಿಸಿಕೊಳ್ಳುವವರು ದುಡಿಯುವ ವಯಸ್ಸಿನವರು. ತೈಪೆಯ ಅಧ್ಯಯನದಲ್ಲಿ, ಜೀವಕ್ಕೆ ಕುತ್ತು ಬಂದಾಗ ವಯಸ್ಸು ಕಡಿಮೆಯಿದ್ದವರಲ್ಲಿ ಇಂಥ ಅನುಭವ ಹೆಚ್ಚಾಗಿ ಕಂಡುಬಂದಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು. ಮಹಿಳೆಯರಲ್ಲೂ ಅದು ಹೆಚ್ಚಾಗಿತ್ತು. ಮನೆಯಲ್ಲೂ ಆಸ್ಪತ್ರೆಯಲ್ಲೂ ಮಾತಿಗೆ ಕಡಿಮೆ ಬೆಲೆ ಸಿಗುವ ತೋಟದ ಕಾರ್ಮಿಕ ಹೆಣ್ಣುಮಕ್ಕಳು ಏನು ಕಂಡರೆಂದು ಯಾರು ಕೇಳುತ್ತಾರೆ?

ಸಾವಿನಂಚಿನ ಅನುಭವ ಎಂದು ಯಾವುದನ್ನು ಕರೆಯಬೇಕೆಂಬುದಕ್ಕೆ ಒಂದು ಅಳತೆಗೋಲು ಇದೆ. ಅಮೆರಿಕದ ರೇಮಂಡ್ ಮೂಡಿ 1975ರಲ್ಲಿ ಇಂಥ ಕಥನಗಳನ್ನು ಒಟ್ಟುಗೂಡಿಸಿ ಅವಕ್ಕೊಂದು ಹೆಸರು ಕೊಟ್ಟ ಮೇಲೆ, ಮನೋವೈದ್ಯ ಬ್ರೂಸ್ ಗ್ರೇಸನ್ 1983ರಲ್ಲಿ 16 ಪ್ರಶ್ನೆಗಳ ಮಾಪಕವೊಂದನ್ನು ರೂಪಿಸಿದರು. ಕಾಲದ ಗತಿ ಬದಲಾಯಿತೇ, ಶಾಂತಿ ಅನ್ನಿಸಿತೇ, ದೇಹದಿಂದ ಹೊರಗಿದ್ದಂತೆ ತೋರಿತೇ, ಬೆಳಕು ಕಂಡಿತೇ, ಸತ್ತವರು ಎದುರಾದರೇ, ದಾಟಬಾರದ ಗಡಿಯೊಂದು ಇತ್ತೇ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಒಟ್ಟು 32 ಅಂಕಗಳಲ್ಲಿ 7 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ಅದನ್ನು ಸಾವಿನಂಚಿನ ಅನುಭವ ಎಂದು ಎಣಿಸುತ್ತಾರೆ. ತೈಪೆಯ ರೋಗಿಗಳ ಸರಾಸರಿ 11.9 ಇತ್ತು.

ಆ ಅಧ್ಯಯನದ ಒಳವಿವರಗಳು ಇನ್ನೂ ಕುತೂಹಲಕರವಾಗಿವೆ. ದೇಹದಿಂದ ಹೊರಗಿದ್ದಂತೆ ಅನ್ನಿಸಿದ್ದು 51 ಅನುಭವಗಳಲ್ಲಿ ಅರ್ಧದಷ್ಟರಲ್ಲಿ. ಪಾಶ್ಚಾತ್ಯ ಕಥನಗಳಲ್ಲಿ ಪದೇ ಪದೇ ಬರುವ ಕತ್ತಲ ಸುರಂಗ ಮಾತ್ರ ನೂರಕ್ಕೆ ಹತ್ತಕ್ಕಿಂತ ಕಡಿಮೆ. ತಾನು ಸತ್ತಿದ್ದೇನೆ ಎಂಬ ಅರಿವೂ ಅಷ್ಟೇ ವಿರಳ. ಪೂಜೆ ಪುನಸ್ಕಾರಗಳಲ್ಲಿ ಹೆಚ್ಚಾಗಿ ತೊಡಗಿದವರ ಅನುಭವಕ್ಕೆ ಮಾಪಕದಲ್ಲಿ ಹೆಚ್ಚು ಅಂಕ ಬಂದಿತ್ತು. ಇಂಥ ಅನುಭವವಾದವರು, ಜೀವಕ್ಕೆ ಕುತ್ತು ಬಂದರೂ ಏನೂ ಕಾಣದವರಿಗೆ ಹೋಲಿಸಿದರೆ, ಅಲ್ಲಿಂದಾಚೆಗೆ ತಾವು ಇತರರೊಂದಿಗೆ ಹೆಚ್ಚು ಕರುಣೆಯಿಂದ ನಡೆದುಕೊಳ್ಳುತ್ತಿದ್ದೇವೆಂದೂ ಬದುಕಿನಲ್ಲಿ ಹುರುಪು ಹೆಚ್ಚಿದೆಯೆಂದೂ ಹೇಳಿದರು. ವರ್ಷಗಳ ಹಿಂದಿನ ಘಟನೆಯನ್ನು ನೆನಪಿನಿಂದ ಹೇಳಿಸಿದ ಅಧ್ಯಯನವಿದು. ಧರ್ಮಶ್ರದ್ಧೆ ಅನುಭವವನ್ನು ಬೆಳೆಸಿತೋ ಅನುಭವವೇ ಶ್ರದ್ಧೆಯನ್ನು ಹೆಚ್ಚಿಸಿತೋ ಎಂಬುದನ್ನು ಅದರಿಂದ ಬಿಡಿಸಲಾಗದು. ಹಾಗಿದ್ದರೂ ಡಯಾಲಿಸಿಸ್‌ನ ಬೇಸರದಲ್ಲಿ ಬದುಕಿನ ಆಸೆಯನ್ನೇ ಕಳೆದುಕೊಳ್ಳುವವರ ನಡುವೆ ಹುರುಪು ಪಡೆದವರು ಇದ್ದಾರೆಂಬುದು ಸಣ್ಣ ಸಂಗತಿಯಲ್ಲ.

ಈ ಅನುಭವಕ್ಕೆ ರೂಪ ಕೊಡುವುದು ಆಯಾ ನೆಲದ ನಂಬಿಕೆ ಎಂಬುದಕ್ಕೆ ನಮ್ಮ ದೇಶದಲ್ಲೇ ಆಧಾರವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನಶ್ಶಾಸ್ತ್ರಜ್ಞೆ ಸತ್ವಂತ್ ಪಸ್ರಿಚಾ ಮತ್ತು ಅಮೆರಿಕದ ಇಯಾನ್ ಸ್ಟೀವನ್‌ಸನ್ 1986ರಲ್ಲಿ ಭಾರತದ 16 ಪ್ರಕರಣಗಳನ್ನು ವರದಿ ಮಾಡಿದರು. ಅಲ್ಲಿನ ಕಥನಗಳಲ್ಲಿ ಯಮದೂತರು ಬಂದು ಕರೆದೊಯ್ಯುತ್ತಾರೆ, ಪುಸ್ತಕ ಹಿಡಿದ ಲೆಕ್ಕಿಗನೊಬ್ಬ ಹೆಸರು ನೋಡುತ್ತಾನೆ, ಕರೆತಂದದ್ದು ತಪ್ಪು ಮನುಷ್ಯನನ್ನು ಎಂದು ಗೊತ್ತಾಗಿ ವಾಪಸು ಕಳಿಸುತ್ತಾರೆ. ಅಮೆರಿಕದ ಕಥನಗಳಲ್ಲಿ ಹಿಂದಿರುಗುವ ಕಾರಣ ಸಾಮಾನ್ಯವಾಗಿ ಮನೆಯವರ ಮೇಲಿನ ಪ್ರೀತಿ ಅಥವಾ ಇನ್ನೂ ಕಾಲ ಬಂದಿಲ್ಲವೆಂಬ ಮಾತು. ಒಂದೇ ಬಗೆಯ ಘಟನೆ ಎರಡು ನೆಲಗಳಲ್ಲಿ ಎರಡು ವೇಷ ತೊಟ್ಟಿದೆ. ಪಸ್ರಿಚಾ ಅವರು ಆಮೇಲೆ ದಕ್ಷಿಣ ಭಾರತದ ಹಳ್ಳಿಗಳಲ್ಲೂ ಸಮೀಕ್ಷೆ ನಡೆಸಿದರು.

ಕೊಡಗಿಗೆ ಈ ಮಾತನ್ನು ಅನ್ವಯಿಸುವಾಗ ಇಲ್ಲಿನ ಹಿರಿಯರ ಆರಾಧನೆಯನ್ನು ಮರೆಯುವಂತಿಲ್ಲ. ಕೊಡವರ ಮೂಲಮನೆಯಾದ ಐನ್‌ಮನೆಯಲ್ಲಿ ದಿನವೂ ಬೆಳಗುವ ನಡುಮನೆಯ, ಎಂದರೆ ನೆಲ್ಲಕ್ಕಿಯ, ದೀಪ ಮನೆತನದ ಮೂಲಪುರುಷರಾದ ಗುರುಕಾರೋಣರ ನೆನಪಿನದು. ಕೈಮಡ ಎಂಬ ಮನೆತನದ ಗುಡಿಯಲ್ಲಿ ಹಿರಿಯರಿಗೆ ವರ್ಷಕ್ಕೊಮ್ಮೆ ಎಡೆ ಸಲ್ಲುತ್ತದೆ. ಅರೆಭಾಷೆ ಗೌಡರಲ್ಲೂ ಯರವ, ಕುರುಬ ಸಮುದಾಯಗಳಲ್ಲೂ ಅಗಲಿದ ಹಿರಿಯರೊಂದಿಗಿನ ಸಂಬಂಧ ಮುರಿಯುವುದಿಲ್ಲ. ಇಂಥ ನೆಲದಲ್ಲಿ ಬೆಳೆದವರು ಸಾವಿನಂಚಿನಲ್ಲಿ ತಮ್ಮ ಹಿರಿಯರನ್ನು ಕಂಡರೆ ಅದು ಅವರ ಪಾಲಿಗೆ ಅಪರಿಚಿತವಾದ ದೃಶ್ಯವಲ್ಲ. ಹಾಗೆಯೇ ಮಾಪಿಳ್ಳೆ ಮನೆಯವರೂ ಕ್ರೈಸ್ತರೂ ತಮ್ಮ ತಮ್ಮ ಶ್ರದ್ಧೆಯ ರೂಪಗಳಲ್ಲೇ ಅದನ್ನು ಹೇಳುತ್ತಾರೆ. ಹಿರಿಯರು ಕಂಡರು ಎನ್ನುವ ರೋಗಿಯನ್ನು ಮನೋರೋಗಿ ಎಂದು ಬರೆದುಕೊಳ್ಳುವ ವೈದ್ಯರು ರೋಗಿಯ ಊರನ್ನೇ ಅರಿಯದವರು.

ಕಕ್ಕಬ್ಬೆ ಕಡೆಯ ಹಿರಿಯರೊಬ್ಬರು ನನಗೆ ಹೇಳಿದ ಪ್ರಸಂಗವನ್ನು ಇಲ್ಲಿ ಹೇಳಬೇಕು. ಹುತ್ತರಿಯ ಮರುದಿನ ಅವರು ಡಯಾಲಿಸಿಸ್‌ಗೆ ಹೋಗಿದ್ದರು. ಮೂರನೆಯ ಗಂಟೆಯಲ್ಲಿ ಮೀನಖಂಡ ಹಿಡಿದುಕೊಂಡು, ಆಕಳಿಕೆ ಮೇಲೆ ಆಕಳಿಕೆ ಬಂದು, ಫ್ಯಾನಿನ ಸದ್ದು ದೂರ ದೂರ ಸರಿದು, ಕಣ್ಣು ಕತ್ತಲಿಟ್ಟಿತು. ಆಮೇಲೆ ಅವರು ಕಂಡದ್ದು ತಮ್ಮದೇ ಗದ್ದೆಯ ಏರಿ. ಆಚೆ ಬದಿಯಲ್ಲಿ ಎಂದೋ ತೀರಿಹೋದ ಅಣ್ಣ ನಿಂತು, ದಾಟಬೇಡ ಎಂಬಂತೆ ಕೈ ಮಾಡುತ್ತಿದ್ದರು. ಮೈಯಲ್ಲಿ ನೋವೆಂಬುದೇ ಇರಲಿಲ್ಲ. ಕಾಲು ಎತ್ತರಿಸಿ, ಸಲೈನ್ ಓಡಿಸಿ, ಕೆನ್ನೆ ತಟ್ಟಿ ಎಬ್ಬಿಸಿದಾಗ ಅವರು ಕೇಳಿದ್ದು ಒಂದೇ ಮಾತು: ‘ಸಿಸ್ಟರ್, ನಾನು ಹೋಗಿಬಿಟ್ಟಿದ್ದೆನಾ?’ ‘ಇಲ್ಲ ಅಜ್ಜ, ಬಿಪಿ ಡೌನ್ ಆಗಿತ್ತು ಅಷ್ಟೇ, ಈಗ ಸರಿ ಆಯ್ತು’ ಎಂದು ಉತ್ತರ ಬಂತು. ಆ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅಲ್ಲಿಗೆ ಅವರು ಬಾಯಿ ಮುಚ್ಚಿಕೊಂಡರು. ಹೆಂಡತಿಗೆ ಹೇಳಿದ್ದು ತಿಂಗಳುಗಳ ನಂತರ.

ಕೇಳದೆ ಉಳಿದದ್ದು ಏನೆಂದು ನೋಡೋಣ. ಹಬ್ಬದ ಊಟ, ಪಾಯಸ, ನೆಂಟರೊಂದಿಗಿನ ಕಾಫಿ ಎಲ್ಲ ಸೇರಿ ಅವರ ತೂಕ 4 ಕಿಲೋ ಏರಿತ್ತು. ನೀರು ಪೂರ್ತಿ ತೆಗೆದ ಮೇಲಿನ ಅವರ ತೂಕ, ಎಂದರೆ ಘಟಕದವರು ಡ್ರೈ ವೆಯ್ಟ್ ಎನ್ನುವುದು, 58 ಕಿಲೋ. ಆ 4 ಲೀಟರನ್ನೂ 4 ಗಂಟೆಗಳಲ್ಲೇ ತೆಗೆಯಲು ಯಂತ್ರಕ್ಕೆ ಹೇಳಿದರೆ, ಗಂಟೆಗೆ ದೇಹದ ಪ್ರತಿ ಕಿಲೋ ತೂಕಕ್ಕೆ 17 ಮಿಲಿಲೀಟರ್ ಎಳೆದಂತಾಗುತ್ತದೆ. 13 ಮಿಲಿಲೀಟರ್ ಮೀರಿದರೆ ಹೃದಯಕ್ಕೂ ಜೀವಕ್ಕೂ ಅಪಾಯ ಹೆಚ್ಚುತ್ತದೆಂದು ತಜ್ಞರು ಎಚ್ಚರಿಸುತ್ತಾರೆ. ನೀರು ಅಷ್ಟು ವೇಗವಾಗಿ ರಕ್ತನಾಳದಿಂದ ಹೊರಬಿದ್ದಾಗ ಅಂಗಾಂಶಗಳಲ್ಲಿರುವ ನೀರು ಅಷ್ಟೇ ಬೇಗ ರಕ್ತಕ್ಕೆ ಇಳಿಯಲಾರದು. ಒತ್ತಡ ಕುಸಿಯುತ್ತದೆ, ಮಿದುಳಿಗೆ ರಕ್ತ ಸಾಲದಾಗುತ್ತದೆ. ಏನು ಕಂಡಿರಿ, ಯಾವ ಹೊತ್ತಿನಲ್ಲಿ, ಅದಕ್ಕೆ ಮುಂಚೆ ಏನಾಯಿತು ಎಂದು ಯಾರಾದರೂ ಅಂದೇ ಕೂತು ಕೇಳಿದ್ದರೆ, ಆಕಳಿಕೆ ಮತ್ತು ಮೀನಖಂಡದ ಸೆಳೆತಗಳಂಥ ಮುನ್ಸೂಚನೆಗಳು ಕಡತಕ್ಕೆ ಸೇರುತ್ತಿದ್ದವು. ಮುಂದಿನ ಸಲ ಹೆಚ್ಚುವರಿ ಗಂಟೆ ಕೊಟ್ಟು ನಿಧಾನವಾಗಿ ನೀರು ತೆಗೆಯಬಹುದಿತ್ತು. ಅವರು ಕಂಡ ಅಣ್ಣನನ್ನು ನಂಬುವುದು ಬಿಡುವುದು ಕೇಳುವವರಿಗೆ ಬಿಟ್ಟದ್ದು. ಆ ದರ್ಶನದ ಹಿಂದಿದ್ದ ರಕ್ತದೊತ್ತಡದ ಕುಸಿತ ಮಾತ್ರ ಎಲ್ಲರಿಗೂ ಒಂದೇ.

ಈಗ ಮಿದುಳಿನ ಮಾತಿಗೆ ಬರೋಣ. ಹೃದಯ ನಿಂತವರ ಅನುಭವಗಳ ಬಗ್ಗೆ ನೆದರ್‌ಲ್ಯಾಂಡ್ಸ್‌ನ ಪಿಮ್ ವಾನ್ ಲೊಮೆಲ್ ಮತ್ತು ಸಂಗಡಿಗರು 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬದುಕುಳಿದ 344 ಮಂದಿಯಲ್ಲಿ 62 ಮಂದಿ, ಎಂದರೆ ನೂರಕ್ಕೆ 18ರಷ್ಟು ಜನ, ಇಂಥ ಅನುಭವವನ್ನು ಹೇಳಿದ್ದರು. ಸ್ಯಾಮ್ ಪಾರ್ನಿಯಾ ನೇತೃತ್ವದ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸ್ಪತ್ರೆಯೊಳಗೇ ಹೃದಯ ನಿಂತ 567 ಮಂದಿಯಲ್ಲಿ ಬದುಕುಳಿದವರು 53. ಸಂದರ್ಶನಕ್ಕೆ ಸಿಕ್ಕವರು 28. ಅವರಲ್ಲಿ 11 ಮಂದಿಗೆ ಆ ಹೊತ್ತಿನ ಏನಾದರೊಂದು ಅರಿವಿನ ನೆನಪಿತ್ತು. ದೇಹದಿಂದ ಹೊರಬಂದು ನೋಡಿದೆವೆಂಬ ಮಾತನ್ನು ಪರೀಕ್ಷಿಸಲು ತೋರಿಸಿದ್ದ ಚಿತ್ರವನ್ನು ಯಾರೂ ಗುರುತಿಸಲಿಲ್ಲ. ಅದೇ ವರ್ಷ ಮಿಷಿಗನ್ ವಿಶ್ವವಿದ್ಯಾಲಯದ ಜಿಮೊ ಬೋರ್ಜಿಗಿನ್ ಅವರ ತಂಡ, ಉಸಿರಾಟದ ಯಂತ್ರ ತೆಗೆದ ಮೇಲೆ ಸಾವಿನತ್ತ ಸಾಗಿದ 4 ರೋಗಿಗಳಲ್ಲಿ ಇಬ್ಬರ ಮಿದುಳಿನಲ್ಲಿ ಗಾಮಾ ಎಂಬ ವೇಗದ ವಿದ್ಯುತ್ ಅಲೆಗಳು ಹಠಾತ್ತನೆ ಉಕ್ಕಿದ್ದನ್ನು ತೋರಿಸಿತು. ಅವರು ಬದುಕುಳಿಯಲಿಲ್ಲವಾದ್ದರಿಂದ ಆ ಅಲೆಗಳ ಹೊತ್ತಿನಲ್ಲಿ ಅವರಿಗೆ ಏನು ತೋರಿತೆಂಬುದನ್ನು ಹೇಳುವವರಿಲ್ಲ. ಸಾಯುವ ಮಿದುಳು ದೀಪ ಆರಿದಂತೆ ಥಟ್ಟನೆ ನಿಲ್ಲುವುದಿಲ್ಲ ಎಂಬಷ್ಟನ್ನು ಈ ಕೆಲಸಗಳು ಗಟ್ಟಿಯಾಗಿ ಹೇಳುತ್ತವೆ; ಅದಕ್ಕಿಂತ ಹೆಚ್ಚಿನದನ್ನು ಅವುಗಳ ಬಾಯಲ್ಲಿ ಹೇಳಿಸುವುದು ಸರಿಯಲ್ಲ.

ಕಿಡ್ನಿ ರೋಗಿಗಳ ಮಟ್ಟಿಗೆ ಇವೆಲ್ಲಕ್ಕಿಂತ ಹತ್ತಿರದ್ದು ಸ್ಲೊವೇನಿಯಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ. ಆಸ್ಪತ್ರೆಯ ಹೊರಗೆ ಹೃದಯ ನಿಂತು ಬದುಕುಳಿದ 52 ಮಂದಿಯಲ್ಲಿ 11 ಮಂದಿಗೆ ಸಾವಿನಂಚಿನ ಅನುಭವವಾಗಿತ್ತು. ಅಂಥವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿತ್ತು. ಪೊಟ್ಯಾಸಿಯಂ ಹೆಚ್ಚಿದ್ದವರಿಗೆ ಮಾಪಕದಲ್ಲಿ ಅಂಕವೂ ಹೆಚ್ಚು ಬಂದಿತ್ತು. ಕಿಡ್ನಿ ಕೆಟ್ಟವರ ದಿನನಿತ್ಯದ ಶತ್ರು ಇದೇ ಪೊಟ್ಯಾಸಿಯಂ. 52 ಮಂದಿಯ ಅಧ್ಯಯನದಿಂದ ಕಾರಣ ಸಂಬಂಧವನ್ನು ಸಾಧಿಸಲಾಗದು ಎಂಬುದು ನಿಜ. ಆದರೂ ಮಳೆಗೆ ರಸ್ತೆ ಕಡಿದು ಒಂದು ಡಯಾಲಿಸಿಸ್ ತಪ್ಪಿದ ರೋಗಿಯು ಮಾರನೆಯ ದಿನ ಬಂದು ‘ನಿನ್ನೆ ರಾತ್ರಿ ನಾನು ಹೋಗಿ ಬಂದೆ’ ಎಂದರೆ, ಆ ಮಾತು ಕಿವಿಗೆ ಬಿದ್ದ ಕ್ಷಣವೇ ಇಸಿಜಿ ತೆಗೆದು ರಕ್ತದ ಪೊಟ್ಯಾಸಿಯಂ ನೋಡುವುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಎಳನೀರು, ಬಾಳೆಹಣ್ಣು, ಕಿತ್ತಳೆ ಇವು ಪೊಟ್ಯಾಸಿಯಂ ತುಂಬಿದ ಪದಾರ್ಥಗಳು. ಸುಸ್ತಾದವರಿಗೆ ಎಳನೀರು ಕುಡಿಸುವ ನಮ್ಮ ಅಕ್ಕರೆಯ ರೂಢಿ ಈ ರೋಗಿಗಳ ಪಾಲಿಗೆ ಅಪಾಯ ತರುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಬಹಳ ಎಚ್ಚರಿಕೆಯಿಂದ ಗುರುತಿಸಬೇಕು, ಏಕೆಂದರೆ ತಪ್ಪಿದರೆ ಪ್ರಾಣವೇ ಹೋಗಬಹುದು. ಸಾವಿನಂಚಿನ ಅನುಭವವನ್ನು ಹೇಳುವವರು ಎಚ್ಚರಗೊಂಡ ಮೇಲೆ ಸ್ಪಷ್ಟವಾಗಿರುತ್ತಾರೆ. ಕಂಡದ್ದನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಹೇಳುತ್ತಾರೆ, ವರ್ಷಗಳ ನಂತರವೂ ಅದೇ ವಿವರಗಳೊಂದಿಗೆ ಹೇಳುತ್ತಾರೆ. ರಕ್ತದಲ್ಲಿ ಕಲ್ಮಶ ಏರಿ ಮಿದುಳು ಮಂಕಾದವರ ಸ್ಥಿತಿ ಹಾಗಲ್ಲ. ದಿನ ಯಾವುದು, ಊರು ಯಾವುದು ಎಂಬುದು ತಪ್ಪುತ್ತದೆ. ಮಾತು ತುಂಡು ತುಂಡಾಗುತ್ತದೆ. ಹಗಲು ನಿದ್ದೆ, ರಾತ್ರಿ ಗಾಬರಿ. ಕೈ ಚಾಚಿ ಹಿಡಿಯಲು ಹೇಳಿದರೆ ಮಣಿಕಟ್ಟು ಸೋತು ಸೋತು ಬೀಳುತ್ತದೆ. ಮೊದಲ ಸಲ ಡಯಾಲಿಸಿಸ್ ಮಾಡಿಸಿದವರಲ್ಲಿ ಯೂರಿಯಾ ತೀರಾ ಬೇಗ ಇಳಿದು ಮಿದುಳಿನಲ್ಲಿ ನೀರು ತುಂಬಿದರೂ ತಲೆನೋವು, ಗೊಂದಲ, ಫಿಟ್ಸ್ ಬರಬಹುದು.

ಔಷಧಿಗಳ ಕತೆ ಇನ್ನೂ ವಿಚಿತ್ರ. ಸರ್ಪಸುತ್ತಿಗೆ ಕೊಡುವ ಅಸೈಕ್ಲೊವಿರ್ ಮತ್ತು ವಾಲಸೈಕ್ಲೊವಿರ್ ಮಾತ್ರೆಗಳು ಕಿಡ್ನಿಯ ಮೂಲಕವೇ ಹೊರಹೋಗಬೇಕಾದವು. ಕಿಡ್ನಿ ಕೆಲಸ ಮಾಡದವರಲ್ಲಿ ಅವುಗಳ ಒಂದು ಉಪವಸ್ತು ದೇಹದಲ್ಲಿ ಉಳಿದು ಮಿದುಳಿಗೇರಿದಾಗ, ಕೆಲವರು ತಾವು ಈಗಾಗಲೇ ಸತ್ತಿದ್ದೇವೆಂದು ದೃಢವಾಗಿ ನಂಬಿ ಹೇಳುತ್ತಾರೆ. ಸ್ವೀಡನ್ನಿನ ವೈದ್ಯರು ಇಂಥ ಪ್ರಕರಣಗಳನ್ನು ವರದಿ ಮಾಡಿದ್ದಾರೆ. ಔಷಧಿ ನಿಲ್ಲಿಸಿ ಡಯಾಲಿಸಿಸ್ ಮಾಡಿದ ಮೇಲೆ ಆ ನಂಬಿಕೆ ಹೊರಟುಹೋಗುತ್ತದೆ. ‘ನಾನು ಸತ್ತಿದ್ದೇನೆ’ ಎನ್ನುವುದಕ್ಕೂ ‘ನಾನು ಸತ್ತು ಬಂದೆ’ ಎನ್ನುವುದಕ್ಕೂ ನಡುವೆ ಇರುವ ಅಂತರ ಹಾಸಿಗೆ ಪಕ್ಕದಲ್ಲಿ ಕೂತವರಿಗೆ ಮೊದಲು ಕೇಳಿಸುತ್ತದೆ. ಸೆಫೆಪಿಮ್ ಎಂಬ ಆಂಟಿಬಯಾಟಿಕ್, ನರದ ಉರಿಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಇವುಗಳನ್ನೂ ಕಿಡ್ನಿಯ ಸ್ಥಿತಿಗೆ ತಕ್ಕಂತೆ ತಗ್ಗಿಸದಿದ್ದರೆ ಗೊಂದಲ ಮತ್ತು ಭ್ರಮೆಗಳು ಬರುತ್ತವೆ. ಮಳೆಯ ದಿನ ಹತ್ತಿರದ ಅಂಗಡಿಯಿಂದ ಮಾತ್ರೆ ತರಿಸುವಾಗ ಡಯಾಲಿಸಿಸ್ ರೋಗಿ ಎಂಬುದನ್ನು ಹೇಳದಿದ್ದರೆ ಇಂಥ ಅನಾಹುತ ಸುಲಭವಾಗಿ ಆಗುತ್ತದೆ.

ಹಿತ್ತಲಲ್ಲಿ ಬೆಳೆಯುವ ಧಾರೆಹುಳಿಯನ್ನೂ ಇಲ್ಲೇ ಹೇಳಬೇಕು. ಅಡ್ಡಕ್ಕೆ ಕೊಯ್ದರೆ ನಕ್ಷತ್ರದಂತೆ ಕಾಣುವ ಈ ಹಣ್ಣನ್ನು ಉಪ್ಪಿನಕಾಯಿಗೂ ಸಾರಿಗೂ ಬಳಸುತ್ತೇವೆ. ಆರೋಗ್ಯವಂತರು ಹಿತಮಿತವಾಗಿ ತಿಂದರೆ ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಕಿಡ್ನಿ ಕೆಟ್ಟವರಲ್ಲಿ ಅದರಲ್ಲಿರುವ ಕ್ಯಾರಂಬಾಕ್ಸಿನ್ ಎಂಬ ನರವಿಷ ಹೊರಹೋಗದೆ ಉಳಿಯುತ್ತದೆ. ಮೊದಲ ಲಕ್ಷಣ ನಿಲ್ಲದ ಬಿಕ್ಕಳಿಕೆ. ಆಮೇಲೆ ವಾಂತಿ, ಗೊಂದಲ, ಫಿಟ್ಸ್, ಕೆಲವೊಮ್ಮೆ ಸಾವು. 2013ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಆ ವಿಷವನ್ನು ಬೇರ್ಪಡಿಸಿ ಗುರುತಿಸಿದರು. ಬಿಕ್ಕಳಿಸುತ್ತ ಹಿರಿಯರ ಹೆಸರು ಹಿಡಿದು ಕರೆಯುವ ರೋಗಿಯ ಹತ್ತಿರ, ಕೊನೆಯ ಗಳಿಗೆ ಬಂತೆಂದು ಬಾಯಿಗೆ ನೀರು ಬಿಡುವ ಬದಲು, ತಡಮಾಡದೆ ಡಯಾಲಿಸಿಸ್‌ಗೆ ಕರೆದೊಯ್ದರೆ ಅವರು ಉಳಿಯಬಹುದು.

ಎಲ್ಲ ಅನುಭವಗಳೂ ಹಿತವಾಗಿರುವುದಿಲ್ಲ ಎಂಬುದನ್ನೂ ಹೇಳಬೇಕಾಗಿದೆ. ಭಯಂಕರವಾದ ಶೂನ್ಯವನ್ನು, ಎಳೆದೊಯ್ಯುವ ಆಕೃತಿಗಳನ್ನು ಕಂಡು ನಡುಗಿ ಎದ್ದವರೂ ಇದ್ದಾರೆ. ಅಂಥವರು ಮುಂದಿನ ಪಾಳಿಗೆ ಬರಲು ಹೆದರುತ್ತಾರೆ, ಯಂತ್ರದ ಅಲಾರಂ ಕೇಳಿದರೆ ಬೆವರುತ್ತಾರೆ, ಏನೇನೋ ನೆಪ ಹೇಳಿ ಡಯಾಲಿಸಿಸ್ ತಪ್ಪಿಸುತ್ತಾರೆ. ಮನೆಯವರು ಅದನ್ನು ಹಠವೆಂದು ಭಾವಿಸಿ ಗದರುತ್ತಾರೆ. ಕಾರಣ ಕೇಳುವ ಒಬ್ಬರಿದ್ದರೆ ಆ ಭಯಕ್ಕೆ ಆಪ್ತಸಮಾಲೋಚನೆಯಿಂದ ಪರಿಹಾರ ಸಿಗಬಹುದು. ಕೇಳದಿದ್ದರೆ ಡಯಾಲಿಸಿಸ್ ತಪ್ಪಿದ ದಿನಗಳು ಅವರನ್ನು ಅದೇ ಅಂಚಿಗೆ ಮತ್ತೆ ತಳ್ಳುತ್ತವೆ.

ಹಿತವಾದ ಅನುಭವದ್ದು ಬೇರೊಂದು ಕಷ್ಟ. ಸಾವಿನ ಹೆದರಿಕೆ ಕಡಿಮೆಯಾದವರು ಒಂದು ದಿನ ‘ಇನ್ನು ಈ ಸೂಜಿ ಚುಚ್ಚಿಸಿಕೊಳ್ಳುವುದು ಸಾಕು’ ಎಂದರೆ ಮನೆಯವರು ಏನು ಮಾಡಬೇಕು? ಈ ಪ್ರಶ್ನೆಗೆ ಅವಸರದ ಉತ್ತರ ಕೂಡದು. ಖಿನ್ನತೆ ಡಯಾಲಿಸಿಸ್ ರೋಗಿಗಳಲ್ಲಿ ಬಹಳ ಸಾಮಾನ್ಯ. ಚಿಕಿತ್ಸೆಯಿಂದ ಅದು ಕಡಿಮೆಯಾಗಬಹುದು, ಆಗ ಸಾಕೆಂಬ ಮಾತೂ ಬದಲಾಗಬಹುದು. ಬಾಡಿಗೆ ಜೀಪಿನ ಖರ್ಚು, ಜೊತೆಗೆ ಬರುವ ಮಗನ ಕೂಲಿ ತಪ್ಪುವುದು, ಮನೆಯವರಿಗೆ ಹೊರೆಯಾಗಿದ್ದೇನೆಂಬ ಸಂಕಟ ಇವೂ ಆ ಮಾತಿನ ಹಿಂದೆ ಅಡಗಿರುತ್ತವೆ. ಕಂಡ ದರ್ಶನದಿಂದ ಬಂದ ನಿರ್ಧಾರವೋ ಕೈಯಲ್ಲಿ ಕಾಸಿಲ್ಲದ ಹತಾಶೆಯೋ ಎಂಬುದನ್ನು ಬಿಡಿಸಿ ನೋಡದೆ ರೋಗಿಯ ಇಚ್ಛೆ ಎಂದು ಒಪ್ಪಿಬಿಡುವುದು ಅನ್ಯಾಯ. ದಾರಿ ಖರ್ಚಿಲ್ಲದೆ ಜೀವ ಬಿಡುವುದನ್ನು ವೈರಾಗ್ಯವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇವೆಲ್ಲವನ್ನೂ ಪರಿಶೀಲಿಸಿದ ಮೇಲೂ ರೋಗಿ ತಿಳಿದೇ ಆ ಮಾತನ್ನು ಹೇಳುತ್ತಿದ್ದರೆ ಅದಕ್ಕೆ ಕಾನೂನಿನಲ್ಲಿ ದಾರಿಯಿದೆ. ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಮುಂದೆ ತನಗೆ ಪ್ರಜ್ಞೆ ತಪ್ಪಿದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂಬುದನ್ನು ವ್ಯಕ್ತಿಯು ಎಚ್ಚರವಿರುವಾಗಲೇ, ಇಬ್ಬರು ಸಾಕ್ಷಿಗಳ ಮುಂದೆ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಮ್ಮುಖದಲ್ಲಿ ಬರೆದಿಡಬಹುದು. ಡಯಾಲಿಸಿಸ್ ರೋಗಿಗೆ ಈ ಪತ್ರದಿಂದ ಹೆಚ್ಚಿನ ಉಪಯೋಗವಿದೆ, ಏಕೆಂದರೆ ಅವರು ವಾರಕ್ಕೆರಡು ಮೂರು ಸಲ ಆಸ್ಪತ್ರೆಯಲ್ಲೇ ನಾಲ್ಕು ಗಂಟೆ ಎಚ್ಚರವಾಗಿ ಮಲಗಿರುತ್ತಾರೆ. ಈ ಮಾತುಕತೆಗೆ ಅಷ್ಟು ನಿಡುಗಾಲದ ಬಿಡುವು ಬೇರೆ ರೋಗಿಗಳಿಗೆ ಸಿಗುವುದು ಕಡಿಮೆ. ಆ ಮಾತು ತುಲಾ ಸಂಕ್ರಮಣದ ಆಚೆ ದಾರಿಗಳು ಒಣಗಿರುವ ತಿಂಗಳುಗಳಲ್ಲಿ, ಮಕ್ಕಳು ಊರಿಗೆ ಬಂದಾಗ, ರೋಗಿಯು ಮನೆಮಾತಾಗಿ ಆಡುವ ಭಾಷೆಯಲ್ಲೇ ನಡೆಯಬೇಕು. ಆಷಾಢದ ರಾತ್ರಿ ಆಂಬುಲೆನ್ಸಿಗೆ ಕಾಯುತ್ತ ಗಾಬರಿಯಲ್ಲಿರುವ ಮಗಳನ್ನು ಅಪ್ಪನಿಗೆ ಏನು ಬೇಕಿತ್ತು ಎಂದು ಕೇಳಿದರೆ ಆಕೆ ಉತ್ತರಿಸಲಾರಳು.